ಶನಿ ನೋಡುವ ಗಾಜಿಗೆ ವಿಭೂತಿ

ದಾವಣಗೆರೆ ನಿಲ್ದಾಣದಲ್ಲಿ ಹರಿಹರದ ಬಸ್ಸಿಗೆ ಕಾಯುತ್ತಿದ್ದ ರೂಪಶ್ರೀ, ಹೋದ ತಿಂಗಳು ಕೊಂಡ ಟೆಲಿಸ್ಕೋಪನ್ನು ಕೂಸಿನಂತೆ ಎದೆಗವಚಿಕೊಂಡಿದ್ದಳು. ಪಕ್ಕದಲ್ಲಿ ಅತ್ತೆ ಕಸ್ತೂರಮ್ಮ.

"ಅಟ್ಟದ ಮ್ಯಾಲೆ ಮುಚ್ಚಿಟ್ಟಿದ್ದನ್ನ ಯಾಕ ಬಿಚ್ಚಿದ್ರಿ ಅತ್ತಿ?"

"ಧೂಳು ಹಿಡಿದಿತ್ತು."

"ಅದಕ್ಕೆ ವಿಭೂತಿ ಹಾಕಿ ತಿಕ್ಕೋದಾ? ಗಾಜಿನ ತುಂಬ ಗೀರು ಬಿದ್ದಾವೆ!"

"ದೇವರ ಬೆಳ್ಳೀನೂ ಅದರಾಗೇ ತಿಕ್ಕೋದು."

"ಒಂದ್ಸಲನಾದ್ರೂ ಶನಿ ಉಂಗುರ ನೋಡಬೇಕಂತ ತಂದಿದ್ದೆ. ಇನ್ನೂ ನೋಡಿಲ್ಲ ಅತ್ತಿ."

"ಊರ ಮಂದಿ ಶನಿ ದೂರ ಹೋಗಲಿ ಅಂತ ಎಣ್ಣೆ ಸುರೀತಾರೆ. ನೀನು ದುಡ್ಡು ಕೊಟ್ಟು ಹತ್ರ ಕರೀತಿ."

"ಇದು ಇನ್ನು ನನ್ನ ತವರಿನಾಗೇ ಇರ್ತೈತೆ."

"ಇರಲಿ. ಈಗ ಅದರಾಗ ಶನಿ ಕಾಣ್ತಾನೇನು?"

"ಎಲ್ಲಿ ಕಾಣ್ತಾನೆ? ಬರೀ ಮಬ್ಬು."

"ಹಂಗಾದ್ರೆ ವಿಭೂತಿ ಕೆಲಸ ಮಾಡೈತೆ."

ಬಸ್ಸು ಬಂತು. ರೂಪಶ್ರೀ ತಿರುಗಿ ನೋಡದೆ ಹತ್ತಿದಳು. ಕಸ್ತೂರಮ್ಮ ವಿನೋಬನಗರದ ಆಟೊ ಹಿಡಿದರು.