ಪಟೇಲರ ಜಗಲಿಯ ಮುಂದೆ

ಮದ್ದೂರಿನ ಹುಣಸೆಮರದಡಿ ಮಳವಳ್ಳಿ ಬಸ್ಸಿಗೆ ಕಾದು ಕೂತಿದ್ದ ಯೋಗಾನರಸಿಂಹ ಮೇಷ್ಟ್ರ ಕಿವಿಯೆಲ್ಲ ಪಕ್ಕದಲ್ಲಿ ಕೆಟ್ಟು ನಿಂತ ಫಟ್‌ಫಟಿಯ ಕಡೆಗಿತ್ತು. ಬೋರಯ್ಯ ಪ್ಲಗ್ಗು ಬಿಚ್ಚಿ ಮಸಿ ಒರೆಸುತ್ತಿದ್ದ. ಅವನ ಹೆಂಡತಿ ಸಣ್ಣತಾಯಮ್ಮ ಹಿಂದಿನ ಸೀಟು ಬಿಟ್ಟು ಇಳಿದಿರಲಿಲ್ಲ.

"ಊರು ಬಂದೇಟ್ಗೆ ಇಳ್ದುಬುಡಮ್ಮಿ. ಪಟೇಲ್ರ ಜಗಲಿ ಮುಂದೆ ಗಾಡಿ ಆರ್ಸಿ ತಳ್ಕೊಂಡು ಓಗ್ಬೇಕು."

"ಯಾಕೆ?"

"ಅವ್ರ ಮುಂದೆ ಯಾರೂ ಕೂತ್ಕೊಂಡು ಓಗಾಕಿಲ್ಲ. ನಮ್ಮಪ್ಪ ಎತ್ತಿನ ಗಾಡಿಯಿಂದ್ಲೂ ಇಳೀತಿದ್ದ."

"ಎತ್ತು ನಿಲ್ಸುದ್ರೆ ತಿರ್ಗಾ ನಡೀತದೆ. ಇದು ಒಂದ್ಸಲ ಆರುದ್ರೆ ನೀನು ಪ್ಲಗ್ಗು ಒರ್ಸೋಗಂಟ ಅತ್ಕಳಾಕಿಲ್ಲ."

"ಮರ್ವಾದೆ ಕಣಮ್ಮಿ."

"ಓದ್ಸಲ ನೀನು ಏದುಸಿರು ಬುಟ್ಕೊಂಡು ತಳ್ತಿದ್ದೆ, ನಾನು ತಲೆ ಬಗ್ಗುಸ್ಕೊಂಡು ಇಂದೆ ಬತ್ತಿದ್ದೆ. ಜಗಲಿ ಮೇಲಿದ್ದೋರೆಲ್ಲ ನಗಾಡುದ್ರು. ಮರ್ವಾದೆ ಯಾರ್ಗೆ ಸಿಕ್ತು?"

ಬೋರಯ್ಯ ಪ್ಲಗ್ಗಿಗೆ ಉಫ್ ಎಂದು ಊದಿ, ಮತ್ತೆ ಕೂರಿಸಿ ಬಿಗಿದ.

"ಅಂಗಾರೆ ಕೆರೆ ಏರಿ ಮೇಲೆ ಸುತ್ತಾಕ್ಕೊಂಡು ಓಗವಾ."

"ನಾವೇನು ಈ ಗಾಡಿಯ ಕದ್ಕೊಂಡು ಬಂದಿದ್ದೀವಾ?"

"ಕರ್ಸಿ ಕೇಳುದ್ರೆ?"

"ಕೇಳ್ಲಿ. ನಿಂಗೆ ಬೇಕಾದ್ರೆ ಇಳ್ದು ತಳ್ಳು. ನಾನು ಮೇಲೇ ಕೂತಿರ್ತೀನಿ."

ಬೋರಯ್ಯ ಗಾಡಿಯ ಕಿಕ್ಕರ್ ಒದ್ದ. ಎರಡು ಸಲ ಕೆಮ್ಮಿದ ಫಟ್‌ಫಟಿ ಆಮೇಲೆ ಹತ್ತಿಕೊಂಡು ಮರದ ಕಾಗೆಗಳನ್ನೆಲ್ಲ ಎಬ್ಬಿಸಿತು.

"ಗಟ್ಟಿಯಾಗಿ ಇಡ್ಕೊ" ಎಂದ.

"ಇಡ್ಕೊಂಡಿದ್ದೀನಿ. ಜಗಲಿ ತಾವ ಪೋಂ ಪೋಂ ಅಂತ ಆರನ್ನು ಅದುಮು. ಪಟೇಲ್ರು ಮನಗಿದ್ರೆ ಎದ್ದು ನೋಡ್ಲಿ."

ಇಬ್ಬರೂ ಮುಂದೆ ಹಾದು ಹೋಗುವಾಗ ಮೇಷ್ಟ್ರು, ತಮಗೇ ಗೊತ್ತಿಲ್ಲದ ಹಾಗೆ, ಎದ್ದು ನಿಂತಿದ್ದರು.