ಅಮ್ಮೀಯ ಹೊಲಿಗೆ ಮೆಷಿನ್ ಸರಿಸಿದವರ ಬಗ್ಗೆ

ಹೆಸರು ವಸೀಮಾ, ತಂದೆ ದಿವಂಗತ ಇಮಾಮ್‌ಸಾಬ್, ವಯಸ್ಸು 34, ಉದ್ಯೋಗ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಶಿಕ್ಷಕಿ, ವಾಸ ಸಿಂಧನೂರು. ಯಾರ ಒತ್ತಾಯವೂ ಇಲ್ಲದೆ ನಾನೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಮಸ್ಕಿಯಲ್ಲಿದ್ದ ನಮ್ಮ ತವರುಮನೆಯನ್ನು ನಾಲ್ಕು ವರ್ಷದ ಹಿಂದೆ ರಸ್ತೆ ಅಗಲ ಮಾಡಲು ಕೆಡವಲಾಯಿತು. ಒಪ್ಪಿಗೆಗೆ ಸಹಿ ಹಾಕಿದವಳು ನನ್ನ ಅಕ್ಕ ಅತೀಯಾ, ಲಿಂಗಸುಗೂರಿನಲ್ಲಿ ಹೈಸ್ಕೂಲ್ ಶಿಕ್ಷಕಿ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಂದಿನಿಂದ ಅವಳೊಂದಿಗೆ ಮಾತು ಬಿಟ್ಟಿದ್ದೆ.

ಹಳೆಯ ಫೋಟೋಗಳನ್ನು ನೋಡಿ ಆ ಮನೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದೆ. ಅದಕ್ಕೆ ಬಳಸಿದ ತಂತ್ರಾಂಶ ಮುಫತ್ತಾಗಿ ಸಿಗುತ್ತದೆ, ಅದರ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು. ಕಣ್ಣಿಗೆ ವಿ.ಆರ್. ಹೆಡ್‌ಸೆಟ್ ಕಟ್ಟಿಕೊಂಡರೆ ಬೇರೆ ಬೇರೆ ಊರಿನವರು ಒಂದೇ ಮನೆಯೊಳಗೆ ಓಡಾಡಬಹುದು. ಒಬ್ಬರು ಸರಿಸಿದ ಸಾಮಾನು ಎಲ್ಲರಿಗೂ ಸರಿದೇ ಕಾಣುತ್ತದೆ. ಹಿತ್ತಲ ಬೇವಿನ ಮರ, ಹಸಿರು ಬಣ್ಣದ ಗೂಡು, ಕಿಟಕಿಯ ಕೆಳಗೆ ತೀರಿಹೋದ ನಮ್ಮ ಅಮ್ಮೀ ಮಕ್ತುಂಬೀಯ ಹೊಲಿಗೆ ಮೆಷಿನ್, ಎಲ್ಲ ಇಟ್ಟೆ. ಹಳೆಯ ನೆರೆಯವರಾದ ಜುಬೇದಾಬೀ ನನ್ನ ಹೆಡ್‌ಸೆಟ್ ಹಾಕಿಕೊಂಡು, ‘ಯಾ ಅಲ್ಲಾ, ಈ ಬೇವಿನ ನೆಳ್ಳಾಗ ಎಷ್ಟು ಈದಿಗೆ ಶಾವಿಗಿ ಹೊಸದೀವಿ’ ಎಂದು ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. ಓಣಿಯವರೆಲ್ಲ ಬರಲೆಂದು ಪಾಸ್‌ವರ್ಡ್ ಇಡದೆ ಲಿಂಕನ್ನು ಅವರ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದೆ.

ಕಳೆದ ತಿಂಗಳಿಂದ ಯಾರೋ ಬಂದು ಮೆಷಿನ್ನನ್ನು ತಲೆಬಾಗಿಲ ಪಕ್ಕಕ್ಕೆ ಸರಿಸತೊಡಗಿದರು. ನಾನು ಕಿಟಕಿಗೆ ತರುವುದು, ಅವರು ಬಾಗಿಲಿಗೆ ಒಯ್ಯುವುದು. ಒಮ್ಮೆ ಕೆಡವಿದ್ದು ಸಾಲದೇ ಎಂದು ಮೈಯೆಲ್ಲ ಉರಿಯಿತು. ಅರ್ಜಿ ಕೊಡಲು ಬಂದಾಗ ಠಾಣೆಯ ರೈಟರ್ ಪಂಪಾಪತಿಯವರು, ‘ಇಲ್ಲದ ಮನೀಗೆ ಕಳ್ಳ ಹೆಂಗ ಬರ್ತಾನ್ರೀ ಮೇಡಂ?’ ಎಂದು ನಕ್ಕರು. ನಗುವವರ ಮನೆ ಇನ್ನೂ ನಿಂತಿರುತ್ತದೆ, ಅದಕ್ಕೇ ನಗು ಬರುತ್ತದೆ ಎಂದು ಹೇಳಿದೆ. ಅದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ನಿನ್ನೆ ಸಂಜೆ ಐದಕ್ಕೆ ಆ ಮನೆಯೊಳಗೆ ಕಾದು ನಿಂತೆ. ಒಬ್ಬರು ಬಂದರು. ಅಲ್ಲಿ ಬಂದವರ ತಲೆ ಮತ್ತು ಎರಡು ಕೈ ಮಾತ್ರ ಕಾಣುತ್ತವೆ. ಹೆಸರಿನ ಜಾಗದಲ್ಲಿ ‘ಅತಿಥಿ’ ಎಂದಿತ್ತು. ಅಡುಗೆಮನೆಗೆ ಹೋಗುವಾಗ ಆ ತಲೆ ಸಟ್ಟನೆ ಬಗ್ಗಿತು. ನಮ್ಮ ಅಡುಗೆಮನೆಯ ಬಾಗಿಲು ಗಿಡ್ಡ. ಆದರೆ ಕಂಪ್ಯೂಟರಿನ ಚೌಕಟ್ಟು ಯಾರ ಹಣೆಗೂ ಬಡಿಯುವುದಿಲ್ಲ, ಹೊರಗಿನವರು ಅದರೊಳಗಿಂದ ನೆಟ್ಟಗೇ ಹಾದುಹೋಗುತ್ತಾರೆ. ಹಣೆ ಒಡೆದುಕೊಂಡು ಬೆಳೆದವರು ಮಾತ್ರ ಬಗ್ಗುತ್ತಾರೆ. ಅಂಥವರು ಈಗ ಇಬ್ಬರೇ ಇದ್ದೇವೆ.

ಮೈಕಿನಲ್ಲಿ ‘ಆಪಾ?’ ಎಂದು ಕೂಗಿದೆ. ಅಕ್ಕನ ದನಿ ಬಂತು. ಶಾಲೆಗೆ ಬಂದಿರುವ ಹೆಡ್‌ಸೆಟ್ಟಿನಿಂದ ದಿನಾ ಬರುತ್ತಿರುವುದಾಗಿ ತಿಳಿಸಿದಳು. ಮೆಷಿನ್ ಯಾಕೆ ಮುಟ್ಟುತ್ತೀ ಎಂದು ಜಬರಿಸಿದೆ. ಅದಕ್ಕೆ ಅವಳು, ‘ಕಣ್ಣು ಮಂಜಾದ ಮ್ಯಾಲ ಅಮ್ಮೀ ಬಾಗಿಲ ಬೆಳಕಿಗೆ ಕುಂದರ್ತಿದ್ಲು, ಹುಚ್ಚಿ. ಆ ವರ್ಷ ನೀ ಊರಾಗ ಇರಲಿಲ್ಲ. ಅದರ ಫೋಟೋ ಯಾರೂ ತೆಗದಿಲ್ಲ’ ಎಂದಳು.

ತಬ್ಬಿಕೊಳ್ಳಲು ಹೋದೆ. ಕೈಗೆ ಏನೂ ಸಿಗಲಿಲ್ಲ.

ಮೆಷಿನ್ ಸರಿಸಿದವರ ಮೇಲೆ ಕ್ರಮ ಬೇಕೇ ಎಂದು ಈಗ ರೈಟರ್ ಕೇಳುತ್ತಾರೆ. ತಾಯಿಯ ಮನೆಗೆ ಬಂದ ಮಗಳ ಮೇಲೆ ಯಾವ ಸೆಕ್ಷನ್ ಹಾಕುತ್ತೀರಿ? ನನ್ನ ಅರ್ಜಿ ಮುಚ್ಚಿಬಿಡಿ. ಬೇಗ ಬರೆದು ಮುಗಿಸಿ, ಲಿಂಗಸುಗೂರಿನ ಬಸ್ಸು ಹೊರಡುವ ಹೊತ್ತಾಯಿತು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಸಿಂಧನೂರು
ದಿನಾಂಕ: 14-02-2025
ಸಹಿ: ವಸೀಮಾ