ಸೀಳಿದ ಹೊಂಗೆ ಕಡ್ಡಿ

ಮದ್ದೂರಿನಲ್ಲಿ ಇದ್ದಿಲು ಉರಿಸಿ ಓಡಿಸುವ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಪಕ್ಕದಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

“ಬಾಯಿ ನಾತ ಅಂತ ಗಂಡ ತವರಿಗೆ ಕಳ್ಸಿದ್ನಲ್ಲ, ನಿನ್ ಮಗಳು ಎಂಗವ್ಳೆ ಬೋರಕ್ಕ?”

“ಡಾಕ್ಟ್ರು ನೋಡುದ್ರು ಕಣಮ್ಮ. ಒಟ್ಟೆ ದೋಸ ಅಲ್ವಂತೆ. ನಾಲ್ಗೆ ಮೇಲೆ ಕಣ್ಣಿಗೆ ಕಾಣ್ದಷ್ಟು ಸಣ್ಣ ಉಳ ಇರ್ತವಂತೆ, ನಾತ ಅವುಗಳ್ದು.”

“ಮದ್ದೇನು?”

“ಅಲ್ಲುಜ್ಜಿದ್ ಮೇಲೆ ಒಂಗೆ ಕಡ್ಡಿ ಸೀಳಿ ನಾಲ್ಗೆ ಕೆರ್ಕತಾಳೆ. ಈಗ ಒಂಚೂರೂ ನಾತಿಲ್ಲ.”

“ಅಳಿಯ ಬಂದಿದ್ನಾ?”

“ಸೋಮವಾರ ಕರ್ಕೊಂಡೋಗಕ್ಕೆ ಬಂದ. ‘ಆ ಉಳ ಎಲ್ಲಾರ್ ಬಾಯಲ್ಲೂ ಇರ್ತವೆ, ಮೊದ್ಲು ನಿಮ್ ನಾಲ್ಗೆ ಚಾಚಿ’ ಅಂದ್ಲು ನನ್ ಮಗಳು.”

“ಚಾಚುದ್ನಾ?”

“ಚಾಚ್ದ. ನೋಡ್ಬುಟ್ಟು, ಒಂದ್ ಕಡ್ಡಿ ಸೀಳಿ ಕೈಗೆ ಕೊಟ್ಲು.”

ಬಸ್ಸು ಬಂತು. ಬೋರಕ್ಕ ಸೆರಗು ಸಿಕ್ಕಿಸಿಕೊಂಡು ಹತ್ತುತ್ತಾ ಹಿಂದಕ್ಕೆ ತಿರುಗಿ ಹೇಳಿದಳು:

“ಮೂರ್ ದಿನದಿಂದ ನಮ್ ಜಗ್ಲಿ ಮೇಲೆ ಕೂತು ಕೆರ್ಕತಾವ್ನೆ. ಅವ್ಳಿನ್ನೂ ಊಂ ಅಂದಿಲ್ಲ.”